ಹತ್ತು ಗಂಟೆಗೆ ತೆರೆಯದ ಕೌಂಟರು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಈಗ ಒಂದು ಸಹಕಾರ ಸಂಘದ ಕಛೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಕುಶಲ ಸಮಾಚಾರವೆಲ್ಲ ಮುಗಿದ ಮೇಲೆ, "ಸಾರ್, ನಮ್ಮ ಆಫೀಸಲ್ಲಿ ಬೆಳಿಗ್ಗೆ ಪಾಸ್‌ವರ್ಡ್ ಹೊಡೆದು, ಕಾಫಿ ಕುಡಿದು ಬಂದ್ರೂ ಕಂಪ್ಯೂಟರ್ ತೆರೆದಿರಲ್ಲ. ನಾವು ಓದ್ತಿದ್ದಾಗ ಸ್ಕೂಲ್ ಆಫೀಸಲ್ಲೂ ಹೀಗೇ ಆಗಿತ್ತಂತಲ್ಲಾ, ಆಗ ಏನು ಮಾಡಿದ್ರಿ?" ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಸುವ ಸಂಗತಿ ಅದಾಗಿರಲಿಲ್ಲ. ಬರೆದು ಹಾಕುತ್ತೇನೆ ಎಂದೆ. ಅದೇ ಇದು.

ಆಗ ನಾನಿದ್ದ ಸಂಸ್ಥೆಯಲ್ಲಿ ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಪದವಿಪೂರ್ವ ಕಾಲೇಜು ಮೂರಕ್ಕೂ ಸೇರಿ ಒಂದೇ ಕಛೇರಿ. 2005ರಲ್ಲಿ ಒಂದು ಸರ್ವರ್ ತರಿಸಿ, ಪ್ರಯೋಗಾಲಯದ 20 ಹಾಗೂ ಕಛೇರಿಯ 6 ಕಂಪ್ಯೂಟರುಗಳನ್ನು ಅದಕ್ಕೆ ಜೋಡಿಸಲಾಗಿತ್ತು. ಸರ್ವರಿನಲ್ಲಿ ವಿಂಡೋಸ್ ಸರ್ವರ್ 2003, ಉಳಿದವುಗಳಲ್ಲಿ ವಿಂಡೋಸ್ ಎಕ್ಸ್‌ಪಿ. ಗಣಿತ, ವಿಜ್ಞಾನ ಕಲಿಸುತ್ತಿದ್ದ ನನಗೆ ಪ್ರಯೋಗಾಲಯದ ಉಸ್ತುವಾರಿಯೂ ಅಂಟಿಕೊಂಡಿತ್ತು. ಆ ಕಾಲದಲ್ಲಿ ಗಣಿತದ ಮೇಷ್ಟರಿಗೆ ಕಂಪ್ಯೂಟರ್ ಬಂದೇ ಬರುತ್ತದೆ ಎಂದು ಆಡಳಿತ ಮಂಡಳಿಗಳು ನಂಬಿದ್ದವು!

ಇಂತಹ ಜಾಲದಲ್ಲಿ ಲಾಗಿನ್ ಎಂದರೆ ಏನೆಂಬುದನ್ನು ಮೊದಲು ಹೇಳಿಬಿಡಬೇಕು. ಮನೆಯ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಸರಿಯೇ ತಪ್ಪೇ ಎಂಬುದನ್ನು ಆ ಯಂತ್ರವೇ ತೀರ್ಮಾನಿಸುತ್ತದೆ. ಕಛೇರಿಯ ಜಾಲದಲ್ಲಿ ಹಾಗಲ್ಲ. ಎಲ್ಲರ ಹೆಸರು, ಪಾಸ್‌ವರ್ಡ್, ಯಾರಿಗೆ ಯಾವ ಕಡತ ನೋಡುವ ಅಧಿಕಾರವಿದೆ ಎಂಬುದೆಲ್ಲ ಸರ್ವರಿನಲ್ಲಿರುತ್ತದೆ. ವಿಂಡೋಸ್ 2000ದೊಂದಿಗೆ ಬಂದ ಈ ವ್ಯವಸ್ಥೆಗೆ ಆಕ್ಟಿವ್ ಡೈರೆಕ್ಟರಿ ಎಂದು ಹೆಸರು. ನೀವು ಪಾಸ್‌ವರ್ಡ್ ಹೊಡೆದಾಗ ನಿಮ್ಮ ಮುಂದಿನ ಯಂತ್ರವು ಮೊದಲು ಸರ್ವರ್ ಎಲ್ಲಿದೆಯೆಂದು ಹುಡುಕಬೇಕು, ಅದರಿಂದ ಅನುಮತಿ ಪಡೆಯಬೇಕು, ನಿಮಗೆ ಅನ್ವಯಿಸುವ ನಿಯಮಗಳನ್ನು ತರಿಸಿಕೊಳ್ಳಬೇಕು, ನಿಮ್ಮ ಕಡತಗಳನ್ನು ಜೋಡಿಸಬೇಕು. ಇಷ್ಟಾದ ಮೇಲೆ ಪರದೆ ತೆರೆಯುತ್ತದೆ. ಎಲ್ಲವೂ ಸರಿಯಿದ್ದರೆ ಒಂದು ನಿಮಿಷದೊಳಗೆ ಮುಗಿಯುವ ಕೆಲಸ.

2007ರ ಜೂನ್ ತಿಂಗಳಲ್ಲಿ ಅದು ಮುಗಿಯುತ್ತಿರಲಿಲ್ಲ. 'ಅಪ್ಲೈಯಿಂಗ್ ಯುವರ್ ಪರ್ಸನಲ್ ಸೆಟ್ಟಿಂಗ್ಸ್' ಎಂಬ ಒಂದು ಸಾಲು ಪರದೆಯ ಮೇಲೆ ಬಂದು ನಾಲ್ಕು, ಐದು ನಿಮಿಷ ಹಾಗೆಯೇ ನಿಲ್ಲುತ್ತಿತ್ತು. ಜೂನ್ ಎಂದರೆ ದಾಖಲಾತಿಯ ತಿಂಗಳು. ಶುಲ್ಕ ಕಟ್ಟುವ ಕೌಂಟರಿನ ಮುಂದೆ ಒಂಬತ್ತೂವರೆಗೇ ಸಾಲು. ಅಲ್ಲಿ ನಿಲ್ಲುತ್ತಿದ್ದವರಲ್ಲಿ ಬಹುಪಾಲು ಜನ ತೋಟದ ಕೆಲಸ, ಗಾರೆ ಕೆಲಸ ಮಾಡುವವರು. ಬೇಗ ರಸೀದಿ ಪಡೆದು ಹೊರಟರೆ ಅರ್ಧ ದಿನದ ಕೂಲಿಯಾದರೂ ಸಿಕ್ಕೀತು ಎಂಬ ಲೆಕ್ಕಾಚಾರದವರು. ಕೌಂಟರು ತೆರೆಯುವುದು ಹತ್ತಕ್ಕೆ. ಮೊದಲ ರಸೀದಿ ಹೊರಬರುತ್ತಿದ್ದುದು 10 ಗಂಟೆ 11 ಅಥವಾ 12 ನಿಮಿಷಕ್ಕೆ. ನಡುವೆ ಒಮ್ಮೆ ವಿದ್ಯುತ್ ಹೋಗಿಬಂತೆಂದರೆ ಮತ್ತೆ ಮೊದಲಿನಿಂದ ಅದೇ ಕಥೆ. ಅತ್ತ ಪ್ರಯೋಗಾಲಯದಲ್ಲಿ 40 ನಿಮಿಷದ ಒಂದು ಪೀರಿಯಡ್ಡಿನಲ್ಲಿ ಹುಡುಗರು ಐದು ನಿಮಿಷ ಕೈಕಟ್ಟಿ ಕೂರುತ್ತಿದ್ದರು. (ಅವರಿಗೇನೂ ಬೇಸರವಿರಲಿಲ್ಲವೆನ್ನಿ.)

ಕೌಂಟರಿನಲ್ಲಿ ಕೂರುತ್ತಿದ್ದ ಗುಮಾಸ್ತೆ ಹೆಚ್ಚು ಮಾತನಾಡದ ಹೆಣ್ಣುಮಗಳು. ಹೆಸರು ಬರೆಯುವುದಿಲ್ಲ, ನಮ್ಮ ಶಾಲೆಯಲ್ಲಿ ಓದಿದವರಿಗೆ ಗೊತ್ತಾಗುತ್ತದೆ. ಪೋಷಕರೊಬ್ಬರು ಕಾರ್ಯದರ್ಶಿಗಳ ಮನೆಗೇ ಹೋಗಿ, "ಆಯಮ್ಮ ಹನ್ನೆರಡು ನಿಮಿಷ ಸುಮ್ಮನೆ ಟಿವಿ ನೋಡಿದ ಹಾಗೆ ಕೂತಿರ್ತಾರೆ" ಎಂದು ದೂರಿದ್ದರು. ಕಂಡದ್ದನ್ನೇ ಹೇಳಿದ್ದರು ಪಾಪ. ಪರದೆಯ ಮುಂದೆ ಕುಳಿತು ಕಾಯುವವರನ್ನು ಹೊರಗಿನಿಂದ ನೋಡಿದರೆ ಹಾಗೆಯೇ ಕಾಣುವುದು. ಪರಿಣಾಮವಾಗಿ ಜೂನ್ 9ರ ಶನಿವಾರ ಆಕೆಯ ಕೈಗೆ ಕಾರಣ ಕೇಳಿ ನೋಟೀಸು ಬಂತು. ಕರ್ತವ್ಯದಲ್ಲಿ ನಿಧಾನ, ಸಾರ್ವಜನಿಕರಿಗೆ ತೊಂದರೆ, ವಾರ್ಷಿಕ ಬಡ್ತಿಯನ್ನು ಏಕೆ ತಡೆಹಿಡಿಯಬಾರದು ಇತ್ಯಾದಿ. ಹನ್ನೊಂದು ವರ್ಷದ ಸೇವೆಯಲ್ಲಿ ಆಕೆಗೆ ಬಂದ ಮೊದಲ ನೋಟೀಸು ಅದು.

ಇನ್ನೊಂದು ಕಡೆ, ಯಂತ್ರಗಳನ್ನು ಪೂರೈಸಿದ್ದ ವ್ಯಾಪಾರಿಯನ್ನು ಕರೆಸಿದಾಗ ಆತ ಸರ್ವರಿನ ಕೋಣೆಗೆ ಹೋಗಿ ಎರಡು ನಿಮಿಷ ನಿಂತು ಬಂದು, "ಲೋಡ್ ಜಾಸ್ತಿಯಾಗಿದೆ, ಸರ್ವರ್ ಹಳೇದಾಯ್ತು" ಎಂದು 1,85,000 ರೂಪಾಯಿಯ ದರಪಟ್ಟಿ ಕೊಟ್ಟುಹೋದ. ಎರಡು ವರ್ಷದ ಸರ್ವರು ಹಳತಂತೆ! ಆ ಹಣವನ್ನು ಹೆಣ್ಣುಮಕ್ಕಳ ಶೌಚಾಲಯದ ದುರಸ್ತಿಗೆಂದು ಇಟ್ಟಿದ್ದ ಬಾಬಿನಿಂದ ತೆಗೆಯುವುದೆಂದು ಮಂಡಳಿಯಲ್ಲಿ ಮಾತಾಯಿತು.

ಗುಮಾಸ್ತೆ ನೋಟೀಸಿಗೆ ಉತ್ತರ ಬರೆಯಲು ಕಾಲಾವಕಾಶ ಕೇಳಿದರು. ಸೋಮವಾರ, ಅಂದರೆ ಜೂನ್ 11ರಿಂದ, ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ನಾಲ್ಕು ಕಂಬ ಎಳೆದು ಬರೆಯತೊಡಗಿದರು: ದಿನಾಂಕ, ಯಂತ್ರದ ಸಂಖ್ಯೆ, ಪಾಸ್‌ವರ್ಡ್ ಹೊಡೆದ ಹೊತ್ತು, ಪರದೆ ತೆರೆದ ಹೊತ್ತು. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ನೋಡಿಕೊಂಡು 24 ಕೆಲಸದ ದಿನ ಬರೆದರು. ಬಿಡುವಾದಾಗ ಬೇರೆ ಯಂತ್ರಗಳ ಮುಂದೆಯೂ ಕುಳಿತು ಬರೆದರು. ಯಾರೂ ಹೇಳಿಕೊಟ್ಟದ್ದಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಕಲಿಸಿದ ನಾನು ಹೇಳುತ್ತೇನೆ, ಅದಕ್ಕಿಂತ ಚೊಕ್ಕಟವಾದ ವೀಕ್ಷಣಾ ಪಟ್ಟಿಯನ್ನು ನನ್ನ ವಿದ್ಯಾರ್ಥಿಗಳ ಪ್ರಯೋಗ ಪುಸ್ತಕಗಳಲ್ಲಿ ಕಂಡದ್ದು ಕಡಿಮೆ. (ನೀವು ಕೋಪಿಸಿಕೊಳ್ಳಬೇಡಿ.)

ಆ ಹೊತ್ತಿಗೆ ಬೆಂಗಳೂರಿನಲ್ಲಿ ಜಾಲ ನಿರ್ವಹಣೆಯ ಕೆಲಸದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಪತ್ರ ಬರೆದಿದ್ದೆ. ಅವನು ಜುಲೈ 8ರ ಭಾನುವಾರ ಬಂದ. ನೇರವಾಗಿ ಸರ್ವರಿನ ಕೋಣೆಗೆ ಹೋಗುತ್ತಾನೆಂದುಕೊಂಡಿದ್ದೆವು. ಅವನು ನೋಟ್‌ಬುಕ್ ಕೇಳಿ ತೆಗೆದುಕೊಂಡು, ಕೌಂಟರಿನ ಸ್ಟೂಲಿನ ಮೇಲೆ ಕುಳಿತು ಅರ್ಧ ಗಂಟೆ ಓದಿದ. "ಮೇಡಂ, ನಂಗೆ ಇನ್ನು ಹೆಚ್ಚು ಕೆಲಸ ಇಲ್ಲ" ಎಂದ.

ಆ ಪುಟಗಳಲ್ಲಿ ಇದ್ದುದಿಷ್ಟು. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಒಟ್ಟಿಗೆ ಲಾಗಿನ್ ಆಗುವಾಗ ಎಷ್ಟು ನಿಧಾನವೋ, ಮಧ್ಯಾಹ್ನ ಮೂರಕ್ಕೆ ಆಕೆ ಒಬ್ಬರೇ ಲಾಗಿನ್ ಆಗುವಾಗಲೂ ಅಷ್ಟೇ ನಿಧಾನ. ಹೊರೆಯೇ ಕಾರಣವಾಗಿದ್ದರೆ ಮೂರು ಗಂಟೆಗೆ ಬೇಗ ಆಗಬೇಕಿತ್ತು. ಎರಡನೆಯದಾಗಿ, ಒಮ್ಮೆ ಪರದೆ ತೆರೆದ ಮೇಲೆ ಸರ್ವರಿನಲ್ಲಿದ್ದ ದೊಡ್ಡ ಶುಲ್ಕವಹಿ ಕೂಡ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿತ್ತು. ಇದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದರು. ಅಂದಮೇಲೆ ಸರ್ವರು ದುರ್ಬಲವೆನ್ನುವಂತಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಮೂಲೆಯಲ್ಲಿದ್ದ ಲೆಕ್ಕಿಗರ 6ನೇ ಯಂತ್ರ, ಎಲ್ಲಕ್ಕಿಂತ ಹಳೆಯದು, ಅದು ಮಾತ್ರ ಪ್ರತಿ ಬಾರಿಯೂ 62 ಸೆಕೆಂಡಿನ ಆಸುಪಾಸಿನಲ್ಲಿ ತೆರೆಯುತ್ತಿತ್ತು. ಉಳಿದ ಐದೂ ನಾಲ್ಕು ನಿಮಿಷಕ್ಕೆ ಕಡಿಮೆಯಿಲ್ಲ.

ಇಷ್ಟೇ ಅಲ್ಲ. ಶುಲ್ಕದ ರಸೀದಿಯ ಮೇಲೆ ಹೊತ್ತು ಮುದ್ರಣವಾಗುತ್ತದೆಂಬುದನ್ನು ನೆನೆದು, ಆಕೆ ಏಪ್ರಿಲ್‌ನಿಂದ ಈಚಿನ ರಸೀದಿಗಳ ಕಾರ್ಬನ್ ಪ್ರತಿಗಳನ್ನೂ ತೆಗೆದು ನೋಡಿದ್ದರು. ಮೇ 25ರವರೆಗೆ ದಿನದ ಮೊದಲ ರಸೀದಿ 10 ಗಂಟೆ 3 ಅಥವಾ 4 ನಿಮಿಷಕ್ಕೆ. ಮೇ 28ರ ಸೋಮವಾರದಿಂದ 11, 12. ನಡುವಿನ ಶನಿವಾರ ಏನಾಗಿತ್ತು? ಬ್ರಾಡ್‌ಬ್ಯಾಂಡ್ ಬಂದಿತ್ತು! ಅದನ್ನು ಜೋಡಿಸಲು ಬಂದ ತಂತ್ರಜ್ಞನಿಗೆ ನಾವೆಲ್ಲ ಎಳನೀರು ಕೊಟ್ಟು ಕಳಿಸಿದ್ದೆವು. ಅಂತರ್ಜಾಲ ಅಷ್ಟು ವೇಗವಾಗಿ ಬರುತ್ತಿದ್ದಾಗ ಅದೇ ಕೈಗಳಿಂದ ಲಾಗಿನ್ ನಿಧಾನವಾಗಿರಬಹುದೆಂಬ ಸಂಶಯ ಯಾರಿಗೂ ಬರುವಂತಿರಲಿಲ್ಲ.

ಹುಡುಗ ಒಂದು ನಿಧಾನದ ಯಂತ್ರದಲ್ಲಿ ಕಪ್ಪು ಕಿಟಕಿ ತೆರೆದು 'ಐಪಿಕಾನ್‌ಫಿಗ್' ಎಂಬ ಆಜ್ಞೆ ಕೊಟ್ಟ. ಬಳಿಕ ಮೂಲೆಯ ಯಂತ್ರದಲ್ಲೂ ಅದನ್ನೇ ಮಾಡಿದ. ಎರಡರ ಉತ್ತರವನ್ನೂ ಕಾಗದದ ಮೇಲೆ ಅಕ್ಕಪಕ್ಕ ಬರೆದ. ವ್ಯತ್ಯಾಸವಿದ್ದುದು ಒಂದೇ ಸಾಲಿನಲ್ಲಿ, ಡಿಎನ್‌ಎಸ್ ಸರ್ವರ್ ಎಂಬ ಸಾಲಿನಲ್ಲಿ.

ಡಿಎನ್‌ಎಸ್ ಎಂದರೆ ಹೆಸರು ಹೇಳಿದರೆ ವಿಳಾಸ ಹೇಳುವ ವ್ಯವಸ್ಥೆ. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ನಮಗೆ ನೆನಪಿರುವುದು ಹೆಸರುಗಳು. ಆರಂಭದ ದಿನಗಳಲ್ಲಿ ಅಮೆರಿಕದ ಅರ್ಪಾನೆಟ್ ಜಾಲದಲ್ಲಿದ್ದ ಎಲ್ಲ ಯಂತ್ರಗಳ ಹೆಸರು, ಅಂಕಿಗಳನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು. ಉಳಿದವರು ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ನಮ್ಮ ಶಾಲೆಯ ದಾಖಲಾತಿ ರಿಜಿಸ್ಟರಿನ ಹಾಗೆ. ಜಾಲ ಬೆಳೆದಂತೆ ಅದು ನಿಭಾಯಿಸಲಾಗದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬುವರು ಈ ಕೆಲಸವನ್ನು ಹಂಚಿಹಾಕುವ ವಿಧಾನ ರೂಪಿಸಿದರು. ಪ್ರತಿಯೊಂದು ಸಂಸ್ಥೆಯೂ ತನ್ನ ತನ್ನ ಮನೆಯ ಹೆಸರುಗಳನ್ನು ತಾನೇ ನೋಡಿಕೊಳ್ಳಬೇಕು, ಕೇಳಿದವರಿಗೆ ಹೇಳಬೇಕು. ಅದೇ ಡಿಎನ್‌ಎಸ್.

ಆಕ್ಟಿವ್ ಡೈರೆಕ್ಟರಿ ಪೂರ್ತಿ ನಿಂತಿರುವುದು ಇದರ ಮೇಲೆ. ಲಾಗಿನ್ ಆಗುವ ಯಂತ್ರವು ಮೊದಲು ಡಿಎನ್‌ಎಸ್ ಅನ್ನು ಕೇಳುವುದೇ, "ನಮ್ಮ ಸಂಸ್ಥೆಯ ಲಾಗಿನ್ ನೋಡಿಕೊಳ್ಳುವ ಸರ್ವರ್ ಯಾವುದು?" ಎಂದು. ಅದಕ್ಕೆ ಉತ್ತರ ಬಲ್ಲದ್ದು ನಮ್ಮ ಸರ್ವರಿನೊಳಗಿನ ಡಿಎನ್‌ಎಸ್ ಮಾತ್ರ. ಬ್ರಾಡ್‌ಬ್ಯಾಂಡ್ ತಂತ್ರಜ್ಞ ಮಾಡಿದ್ದೇನೆಂದರೆ, ಯಂತ್ರಗಳಿಗೆ ವಿಳಾಸ ಹಂಚುವ ಕೆಲಸವನ್ನು ಸರ್ವರಿನಿಂದ ತಪ್ಪಿಸಿ ತನ್ನ ಮೋಡೆಮ್ಮಿಗೆ ವಹಿಸಿದ್ದ. ಮೋಡೆಮ್ಮು ವಿಳಾಸದ ಜೊತೆಗೆ, ಹೆಸರು ಕೇಳಬೇಕಾದರೆ ನನ್ನ ಕಂಪೆನಿಯ ಡಿಎನ್‌ಎಸ್ ಕೇಳಿ ಎಂದು ಎಲ್ಲ ಯಂತ್ರಗಳಿಗೂ ಹೇಳಿಬಿಟ್ಟಿತು. ಲೆಕ್ಕಿಗರ ಯಂತ್ರಕ್ಕೆ ಮುದ್ರಕ ಹಂಚಿಕೊಳ್ಳುವುದಕ್ಕಾಗಿ ಮೊದಲೇ ಕೈಯಿಂದ ವಿಳಾಸ ಬರೆದಿದ್ದರಿಂದ ಅದೊಂದು ಪಾರಾಗಿತ್ತು.

ಆ ಕಂಪೆನಿಯ ಡಿಎನ್‌ಎಸ್‌ಗೆ ಜಗತ್ತೆಲ್ಲ ಗೊತ್ತು. ನಮ್ಮ ಮನೆ ಗೊತ್ತಿಲ್ಲ. ನಮ್ಮೂರಿನ ಶ್ಯಾನುಭೋಗರ ಮನೆ ಯಾವ ಬೀದಿಯಲ್ಲಿದೆ ಎಂದು ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ವಿಚಾರಣೆ ಕಿಂಡಿಯಲ್ಲಿ ಕೇಳಿದಂತೆ. ಅವರಿಗೆ ಬೀದರ್ ಬಸ್ಸೂ ಗೊತ್ತು, ಮಂಗಳೂರು ಬಸ್ಸೂ ಗೊತ್ತು. ಶ್ಯಾನುಭೋಗರ ಮನೆ ಕೇಳಿದರೆ ಏನು ಹೇಳಿಯಾರು? ಯಂತ್ರವು ಅದನ್ನೇ ಬೇರೆ ಬೇರೆ ರೀತಿಯಲ್ಲಿ ಮತ್ತೆ ಮತ್ತೆ ಕೇಳಿ, ಕಾದು, ಕೊನೆಗೆ ಹಳೆಯ ಕಾಲದ ಉಪಾಯಕ್ಕೆ ಇಳಿಯುತ್ತಿತ್ತು. ಅಂದರೆ ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ "ಇಲ್ಲಿ ಸರ್ವರ್ ಯಾರಪ್ಪಾ?" ಎಂದು ಕೂಗುವುದು. ಪಕ್ಕದ ಕೋಣೆಯಲ್ಲೇ ಇದ್ದ ಸರ್ವರು ಆಗ ಓಗೊಡುತ್ತಿತ್ತು. ಹೀಗಾಗಿ ಲಾಗಿನ್ ಎಂದೂ ವಿಫಲವಾಗಲಿಲ್ಲ. ಪೂರ್ತಿ ವಿಫಲವಾಗಿದ್ದರೆ ಬ್ರಾಡ್‌ಬ್ಯಾಂಡ್ ಬಂದ ಮೊದಲ ಸೋಮವಾರವೇ ಎಲ್ಲರೂ ಓಡಿಬಂದು ಕಾರಣ ಹುಡುಕುತ್ತಿದ್ದರು. ಹೇಗೋ ಆಗಿಬಿಡುತ್ತಿದ್ದುದರಿಂದಲೇ ಆರು ವಾರ ಎಳೆಯಿತು, ತಪ್ಪು ಮನುಷ್ಯರ ತಲೆಗೆ ಬಂತು. ಆ ಐದು ನಿಮಿಷದಲ್ಲಿ ಯಂತ್ರ ನಿಧಾನವಾಗಿ ಕೆಲಸ ಮಾಡುತ್ತಿರಲಿಲ್ಲ ನೋಡಿ. ಯಾವ ಕೆಲಸವನ್ನೂ ಮಾಡದೆ ಉತ್ತರಕ್ಕಾಗಿ ಕಾಯುತ್ತಿತ್ತು. ಎಷ್ಟು ಬಲಶಾಲಿ ಸರ್ವರ್ ತಂದಿಟ್ಟಿದ್ದರೂ ಆ ಕಾಯುವಿಕೆಯಲ್ಲಿ ಒಂದು ಕ್ಷಣವೂ ಕಡಿಮೆಯಾಗುತ್ತಿರಲಿಲ್ಲ. 1,85,000 ರೂಪಾಯಿ ಕೊಟ್ಟು ಅದೇ ಐದು ನಿಮಿಷವನ್ನು ಹೊಸದಾಗಿ ಕೊಂಡುಕೊಳ್ಳುತ್ತಿದ್ದೆವು.

ಯಂತ್ರ ಇದನ್ನು ಮುಚ್ಚಿಟ್ಟಿಯೂ ಇರಲಿಲ್ಲ. ವಿಂಡೋಸಿನ ದಿನಚರಿಯಲ್ಲಿ, ಅಂದರೆ ಈವೆಂಟ್ ಲಾಗ್ ಎಂಬಲ್ಲಿ, ಸರ್ವರಿನ ಹೆಸರು ಸಿಗುತ್ತಿಲ್ಲವೆಂಬ ದೂರು 1054 ಎಂಬ ಸಂಖ್ಯೆಯಡಿ ಮೇ 28ರಿಂದ ದಿನಾ ದಾಖಲಾಗಿತ್ತು. ವ್ಯಾಪಾರಿ ಅದನ್ನು ತೆರೆದೇ ನೋಡಿರಲಿಲ್ಲ.

ಸರಿಪಡಿಸಲು ಹಿಡಿದದ್ದು ಇಪ್ಪತ್ತು ನಿಮಿಷ. ಮೋಡೆಮ್ಮಿನ ವಿಳಾಸ ಹಂಚುವ ಕೆಲಸವನ್ನು ನಿಲ್ಲಿಸಿ ಸರ್ವರಿಗೆ ಮರಳಿ ವಹಿಸಿದ. ಎಲ್ಲ ಯಂತ್ರಗಳೂ ನಮ್ಮ ಸರ್ವರನ್ನು ಮಾತ್ರ ಕೇಳಬೇಕು. ಹೊರಜಗತ್ತಿನ ಹೆಸರಾದರೆ ನಮ್ಮ ಸರ್ವರೇ ಕಂಪೆನಿಯ ಡಿಎನ್‌ಎಸ್ ಅನ್ನು ಕೇಳಿ ತಿಳಿಸಬೇಕು ಎಂದು ಏರ್ಪಾಡು ಮಾಡಿದ. "ಎರಡನೇ ಸಾಲಿನಲ್ಲಿ ಕಂಪೆನಿಯದ್ದೂ ಇರಲಿ ಬಿಡೋ, ಆಪತ್ಕಾಲಕ್ಕೆ" ಎಂದು ನಾನು ಕೇಳಿದಾಗ, "ಬೇಡ ಸಾರ್. ಯಾವಾಗ ಅದನ್ನ ಕೇಳುತ್ತೋ ಹೇಳೋಕಾಗಲ್ಲ. ಆಮೇಲೆ ಒಂದಿನ ಸರಿ, ಒಂದಿನ ನಿಧಾನ. ಅದನ್ನ ಹುಡುಕೋದು ಇನ್ನೂ ಕಷ್ಟ" ಎಂದ.

ಈಗ ಎಲ್ಲ ಯಂತ್ರಗಳೂ ಮೂಲೆಯ ಯಂತ್ರದಂತೆಯೇ 62 ಸೆಕೆಂಡಿಗೆ ಬಂದವು. ನಾವು ಊಟಕ್ಕೆ ಏಳುವವರಿದ್ದೆವು. ಗುಮಾಸ್ತೆ, "ಅರವತ್ತೆರಡು ಯಾಕೆ ಬೇಕು?" ಎಂದರು. ಹುಡುಗ ನಕ್ಕು ಮತ್ತೆ ಕುಳಿತ.

ಹುಡುಕಿದರೆ, ಲಾಗಿನ್ ಆದಾಗ ತಾನಾಗಿ ನಡೆಯುವ ಒಂದು ಸಣ್ಣ ಆಜ್ಞಾಪಟ್ಟಿಯಲ್ಲಿ, 2006ರಲ್ಲೇ ಗುಜರಿಗೆ ಹೋದ ಕಂಪ್ಯೂಟರೊಂದರ ಕಡತಗಳನ್ನು ಜೋಡಿಸು ಎಂಬ ಸಾಲು ಉಳಿದುಕೊಂಡಿತ್ತು. ಆ ಯಂತ್ರದ ಹಳೆಯ ವಿಳಾಸವೂ ಸರ್ವರಿನಲ್ಲಿ ಅಳಿಸದೆ ಉಳಿದಿತ್ತು. ಅಂದಿನ ವಿಂಡೋಸ್ ಇನ್ನೊಂದು ಯಂತ್ರವನ್ನು ಸಂಪರ್ಕಿಸುವಾಗ ಮೊದಲು ಕರೆದು 3 ಸೆಕೆಂಡು ಕಾಯುತ್ತದೆ. ಉತ್ತರವಿಲ್ಲದಿದ್ದರೆ ಇನ್ನೊಮ್ಮೆ ಕರೆದು 6 ಸೆಕೆಂಡು, ಮತ್ತೊಮ್ಮೆ ಕರೆದು 12 ಸೆಕೆಂಡು. ಆಮೇಲೆ ಕೈಬಿಡುತ್ತದೆ. ಒಟ್ಟು 21. ಸತ್ತ ಯಂತ್ರವನ್ನು ದಿನವೂ ಪ್ರತಿಯೊಬ್ಬರ ಹೆಸರಿನಲ್ಲಿ ಮೂರು ಮೂರು ಸಲ ಕೂಗುತ್ತಿದ್ದೆವು! ಆ ಸಾಲು ತೆಗೆದ ಮೇಲೆ 41 ಸೆಕೆಂಡು. ಅರವತ್ತೆರಡರಲ್ಲಿ ಇಪ್ಪತ್ತೊಂದು ಕಳೆದರೆ ನಲವತ್ತೊಂದು; ಲೆಕ್ಕ ಹೀಗೆ ತಾಳೆಯಾದಾಗ ಆಗುವ ಸಂತೋಷ ಗಣಿತದವರಿಗೆ ಗೊತ್ತು. ಆ ವರ್ಷ ಹತ್ತನೆಯ ತರಗತಿಯಲ್ಲಿ ಗುಣೋತ್ತರ ಶ್ರೇಢಿಗೆ 3, 6, 12 ಅನ್ನೇ ಉದಾಹರಣೆ ಕೊಟ್ಟೆ. ಕೆಲವರಿಗಾದರೂ ನೆನಪಿರಬೇಕು.

ಕಛೇರಿ ಅಧೀಕ್ಷಕರದು ಬೇರೆಯೇ ಕಥೆ. ಅವರಿಗೆ ಮಾತ್ರ ಬೇರೆ ಯಂತ್ರದ ಮುಂದೆ ಕುಳಿತಾಗಲೆಲ್ಲ ಇನ್ನೂ ಮೂರು ನಿಮಿಷ ಹಿಡಿಯುತ್ತಿತ್ತು. ಯಾವ ಯಂತ್ರದಲ್ಲಿ ಕುಳಿತರೂ ನಿಮ್ಮ ಪರದೆ ನಿಮ್ಮದಾಗಿಯೇ ಕಾಣುವಂತೆ ಸರ್ವರಿನಿಂದ ಎಲ್ಲವನ್ನೂ ಹೊತ್ತು ತರುವ ಏರ್ಪಾಡು ನಮ್ಮಲ್ಲಿತ್ತು. ಅವರು ಮಗಳ ಮದುವೆಯ ವಿಡಿಯೋವನ್ನು, ಸುಮಾರು 1,400 ಮೆಗಾಬೈಟ್, ಪರದೆಯ ಮೇಲೆಯೇ ಇಟ್ಟುಕೊಂಡಿದ್ದರು. ನಮ್ಮ ಜಾಲದ ವೇಗ ಸೆಕೆಂಡಿಗೆ 100 ಮೆಗಾಬಿಟ್, ಅಂದರೆ ಹೆಚ್ಚೆಂದರೆ ಹನ್ನೆರಡೂವರೆ ಮೆಗಾಬೈಟ್. ಭಾಗಿಸಿ ನೋಡಿ, ಬೇರೇನೂ ಸಂಚಾರವಿಲ್ಲದಿದ್ದರೂ 112 ಸೆಕೆಂಡು ಬೇಕು. ಮದುವೆಯ ದಿಬ್ಬಣವೇ ಪ್ರತಿ ಸಲ ತಂತಿಯ ಮೇಲೆ ಬರಬೇಕಿತ್ತು. ನೋಟೀಸಿಗೆ ಸಹಿ ಹಾಕಿದವರೂ ಅವರೇ ಎಂಬುದನ್ನು ಇಲ್ಲಿ ಹೇಳಬೇಕೋ ಬೇಡವೋ ತಿಳಿಯದು, ಆದರೂ ಹೇಳಿದ್ದೇನೆ.

ಊಟ ಮಾಡುತ್ತ ಹುಡುಗ ಇನ್ನೊಂದು ವಿಷಯ ಹೇಳಿದ. ಲಾಗಿನ್ ಅನುಮತಿ ಕೊಡುವ ವಿಧಾನಕ್ಕೆ ಕೆರ್ಬೆರೋಸ್ ಎಂದು ಹೆಸರಂತೆ. ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡದ್ದು. ಗ್ರೀಕರ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರದು. ನಮ್ಮ ಋಗ್ವೇದದಲ್ಲೂ ಯಮನ ದಾರಿ ಕಾಯುವ ನಾಲ್ಕು ಕಣ್ಣಿನ ಎರಡು ನಾಯಿಗಳಿವೆಯಲ್ಲ ಎಂದೆ, ಅವನಿಗೆ ಖುಷಿಯಾಯಿತು. ಈ ನಾಯಿಗೆ ಹೊತ್ತಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ನಿಮ್ಮ ಯಂತ್ರದ ಗಡಿಯಾರ ಸರ್ವರಿನದಕ್ಕಿಂತ 5 ನಿಮಿಷಕ್ಕಿಂತ ಹೆಚ್ಚು ಆಚೀಚೆಯಾದರೆ ಒಳಗೆ ಬಿಡದಿರುವುದೇ ರೂಢಿಯ ನಿಯಮ. ಹಳೆಯ ಯಂತ್ರಗಳಲ್ಲಿ ನಾಣ್ಯದಂತಹ ಸಣ್ಣ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಬಿದ್ದಾಗ ಇಂತಹ ತೊಂದರೆ ಬರುವುದುಂಟು.

ಇನ್ನು ನನ್ನನ್ನು ಕೇಳಿದ ಹುಡುಗಿಗೆ. ಎಕ್ಸ್‌ಪಿಗೆ 2014ರಲ್ಲೂ, ಸರ್ವರ್ 2003ಕ್ಕೆ 2015ರಲ್ಲೂ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ನಿಮ್ಮಲ್ಲಿ ಅವೆರಡೂ ಇಲ್ಲದಿರಲಿ ಎಂದು ಹಾರೈಸುತ್ತೇನೆ. ಆದರೆ ಲಾಗಿನ್‌ನ ಮೆಟ್ಟಿಲುಗಳು ಇಂದಿಗೂ ಅವೇ. ಈಗಿನ ವಿಂಡೋಸ್ 'ವೆಲ್‌ಕಮ್' ಎಂದು ಒಂದು ಚಕ್ರ ತಿರುಗಿಸಿಬಿಡುತ್ತದೆ, ಒಳಗೆ ಯಾವ ಮೆಟ್ಟಿಲಿನಲ್ಲಿ ನಿಂತಿದೆಯೆಂದು ಹೇಳುವುದಿಲ್ಲ. ವಿವರವಾದ ಸಂದೇಶ ತೋರಿಸುವಂತೆ ಮಾಡುವ ಒಂದು ಏರ್ಪಾಡು ಅದರಲ್ಲಿದೆ. ನಿಮ್ಮ ಜಾಲ ನೋಡಿಕೊಳ್ಳುವವರಿಗೆ ಅದನ್ನು ಹಾಕಲು ಹೇಳಮ್ಮ. ಅದಕ್ಕೂ ಮೊದಲು ಒಂದು ವಾರ ಹೊತ್ತು ಬರೆದಿಡು. ಒಂದಾದರೂ ಬೇಗ ತೆರೆಯುವ ಯಂತ್ರವಿದೆಯೇ ನೋಡು. ಇದ್ದರೆ ಅದನ್ನೂ ನಿನ್ನದನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲು ಹೋಲಿಸಲು ಹೇಳು. ನಿಧಾನ ಶುರುವಾಗುವ ಹಿಂದಿನ ದಿನ ಯಾರು ಬಂದು ಏನು ಜೋಡಿಸಿದರು ಎಂದು ವಿಚಾರಿಸು. ಡಿಎನ್‌ಎಸ್ ಸಾಲಿನಲ್ಲಿ ನಿಮ್ಮ ಸರ್ವರ್ ಬಿಟ್ಟು ಬೇರೆ ಯಾರದಾದರೂ ವಿಳಾಸವಿದ್ದರೆ ಅಲ್ಲಿಂದಲೇ ಪ್ರಾರಂಭಿಸಬಹುದು.

ಜುಲೈ 9ರ ಸೋಮವಾರ ಮೊದಲ ರಸೀದಿ 10 ಗಂಟೆ 2 ನಿಮಿಷಕ್ಕೆ ಹೊರಬಂತು. ಆ ಸಂಜೆ ಗುಮಾಸ್ತೆ ನೋಟೀಸಿಗೆ ಅರ್ಧ ಪುಟದ ಉತ್ತರ ಬರೆದು, ನೋಟ್‌ಬುಕ್ಕಿನ ಪುಟಗಳ ಜೆರಾಕ್ಸ್ ಲಗತ್ತಿಸಿ ಕೊಟ್ಟರು. ಉತ್ತರದಲ್ಲಿ ಯಾರನ್ನೂ ದೂರಿರಲಿಲ್ಲ, ಅಂಕಿಗಳನ್ನಷ್ಟೇ ಬರೆದಿದ್ದರು. ಎರಡು ವಾರದ ಬಳಿಕ 'ವಿವರಣೆಯನ್ನು ಒಪ್ಪಿ ಮುಕ್ತಾಯಗೊಳಿಸಿದೆ' ಎಂಬ ಒಂದು ಸಾಲಿನ ಟಿಪ್ಪಣಿ ಬಂತು. ವಿಷಾದವೆಂಬ ಪದ ಅದರಲ್ಲಿರಲಿಲ್ಲ. ಬಡ್ತಿ ಮಾತ್ರ ಸಕಾಲಕ್ಕೆ ಸಿಕ್ಕಿತು, ಶೌಚಾಲಯದ ದುರಸ್ತಿಯೂ ಆ ವರ್ಷವೇ ಆಯಿತು.

ಆ ನೋಟ್‌ಬುಕ್ಕನ್ನು ನಾನು ಮತ್ತೊಮ್ಮೆ ನೋಡಿದ್ದು ಆಕೆ ವರ್ಗವಾಗಿ ಪ್ರಾಥಮಿಕ ಶಾಲೆಯ ಕಡೆಗೆ ಹೋಗುವಾಗ, ಮೇಜಿನ ಖಾನೆ ಖಾಲಿ ಮಾಡುತ್ತಿದ್ದಾಗ. ಸರಿಯಾದ ಮೇಲೂ ಹನ್ನೆರಡು ದಿನ ಹೊತ್ತು ಬರೆದಿದ್ದರು: 41, 40, 41, 43, 41. ಆಮೇಲೆ ಒಂದು ಗೆರೆ ಎಳೆದು, ಕೆಳಗೆ ಮನೆಯ ಹಾಲಿನ ಲೆಕ್ಕ ಬರೆದುಕೊಂಡಿದ್ದರು.